ಜಯಮಾಲಾಬಾಯಿಯ ಲಾಳಿಕೆ

ನರೋಣಾದ ಬಸ್ಸಿನಲ್ಲಿ ಜಯಮಾಲಾಬಾಯಿಯವರನ್ನು ಮೊದಲ ಸಲ ಕಂಡಾಗ ಎಣ್ಣೆ ಮಾರುವವರೆಂದೇ ತಿಳಿದಿದ್ದೆ. ಅವರ ಕೈಚೀಲದಿಂದ ಅಲ್ಯೂಮಿನಿಯಂ ಲಾಳಿಕೆಯೊಂದು ಇಣುಕುತ್ತಿತ್ತು. ಮನೆಯಲ್ಲಿ ಎಣ್ಣೆ ತೀರಿದ್ದು ನೆನಪಾಗಿ, "ಕುಸುಬಿ ಎಣ್ಣಿ ಹೆಂಗ ಕೊಡ್ತೀರಿ ಬಾಯಾರ?" ಎಂದೆ.

"ಇದ್ರಾಗ ಎಣ್ಣಿ ಹಾಕಂಗಿಲ್ರಿ. ನಾ ನರ್ಸು. ಬಸುರಿ ಹೊಟ್ಟಿ ಮ್ಯಾಲೆ ಇಟ್ಟು ಕೂಸಿನ ಎದಿ ಬಡಿತ ಕೇಳ್ತೇನಿ."

ಮುಂದಿನ ಸೀಟಿನವರೆಲ್ಲ ತಿರುಗಿ ನನ್ನ ಮುಖ ನೋಡಿದರು.

ಈಗ ದವಾಖಾನೆಗಳಲ್ಲಿ ಅದಕ್ಕೆ ಮೆಷಿನ್ ಬಂದಿದೆ. ಜಯಮಾಲಾಬಾಯಿ ಮಾತ್ರ ಲಾಳಿಕೆ ಬಿಟ್ಟಿಲ್ಲ. ಅದು ಯಾಕೆಂದು ನನಗೆ ತಿಳಿದದ್ದು ಸರಸಂಬಾದಲ್ಲಿ, ಗೆಳೆಯ ಬಸವಂತರಾಯನ ಸೊಸೆ ಭಾಗ್ಯಜ್ಯೋತಿಯ ಕುಬಸದ ದಿನ.

ಏಳು ತಿಂಗಳ ಬಸುರಿ. ಹಸಿರು ಸೀರೆ, ಕೈತುಂಬ ಹಸಿರು ಬಳೆ. ಉಡಿಯೇನೋ ತುಂಬಿತ್ತು, ತಾಟು ತುಂಬಿರಲಿಲ್ಲ. ಒಂದು ಹೋಳಿಗೆಯ ಮೇಲೆ ಇನ್ನೊಂದು ಬೀಳದಂತೆ ಅತ್ತೆ ಶಾರದಾಬಾಯಿ ಕಾವಲಿದ್ದರು. ಕೂಸು ದಪ್ಪಗಾದರೆ ಹೆರಿಗೆ ಕಷ್ಟವೆಂಬ ಭಯ ಅವರಿಗೆ. ಚೊಚ್ಚಲ ಹೆರಿಗೆಯಲ್ಲಿ ಸತ್ತು ಬದುಕಿದವರು. ಆ ಭಯಕ್ಕೆ ನಗುವವರಾರು?

ಕುಬಸಕ್ಕೆ ಬಂದಿದ್ದ ಜಯಮಾಲಾಬಾಯಿಯೂ ನಗಲಿಲ್ಲ. ಬೈಯಲೂ ಇಲ್ಲ, ಬೈಗುಳದಲ್ಲಿ ಅವರ ಹೆಸರು ಜೇವರ್ಗಿಯವರೆಗೂ ಇದೆ, ಆದರೂ ಬೈಯಲಿಲ್ಲ. ಸೊಸೆಯ ಕಣ್ಣಿನ ಕೆಳರೆಪ್ಪೆ ಎಳೆದು, ರಕ್ತ ಕಡಿಮೆಯಾಗಿ ಬಿಳಿಚಿದೆಯೇ ಎಂದು ನೋಡಿದರು. ಲಾಳಿಕೆಯನ್ನು ಅಂಗೈಯಲ್ಲಿ ತಿಕ್ಕಿ ಬೆಚ್ಚಗೆ ಮಾಡಿದರು. ಸೊಸೆಯ ಸಂಗಡ ಅತ್ತೆಯನ್ನೂ ಒಳಕೋಣೆಗೆ ಕರೆದೊಯ್ದರು.

ಲಾಳಿಕೆಗೆ ಅತ್ತೆಯ ಕಿವಿಯನ್ನೇ ಇಡಿಸಿರಬೇಕು, ಸ್ವಲ್ಪ ಹೊತ್ತಿಗೆ ಶಾರದಾಬಾಯಿಯ ಕೂಗು ಪಡಸಾಲೆಗೆ ಬಂತು.

"ಯವ್ವಾ! ಎಷ್ಟ್ ಜೋರ ಓಡಾಕತ್ತದಲ್ಲ! ಅಂಜ್ಯಾದೇನ್ರಿ ಕೂಸು?"

"ಅಂಜಿಲ್ರಿ, ಅದರ ಬಡಿತಾನೇ ಹಂಗ. ತೊಗರಿ ಕಾಳಿನಷ್ಟು ಇದ್ದಾಗಿಂದ ಬಡಿಯಾಕತ್ತದ, ಒಂದಿನ ಸೂಟಿ ತಗೊಂಡಿಲ್ಲ. ಕೈಕಾಲು, ಬೆರಳು, ಉಗುರು ಎಲ್ಲಾ ಮೂಡ್ಯಾವ. ಈಗ ಕಣ್ಣು ತಗದು ಮುಚ್ತದ, ಬೆರಳು ಚೀಪ್ತದ, ನೀವು ಬೈದ್ರ ಕೇಳಸ್ಕೋತದ. ಇನ್ನ ಮೈ ತುಂಬ್ಕೋಬೇಕು. ಹಗಲು ರಾತ್ರಿ ದುಡಿಯೋ ಆಳಿಗಿ ನಿಮ್ಮ ಹೊಲದಾಗ ಅರ್ಧ ಹೊಟ್ಟಿ ಇಡ್ತೀರೇನ್ರಿ?"

"ಮತ್ತ ಹೆರಿಗಿ?"

"ತಾಯಿ ಸೊರಗಿದ್ರ ಹೆರಿಗಿಗಿ ಕಸುವು ಎಲ್ಲಿಂದ ಬರಬೇಕು? ಆಳಂದ ದವಾಖಾನಿತನಾ ನಾನೇ ಸಂಗಟ ಬರ್ತೇನಿ, ತಗೋರಿ."

ಲಾಳಿಕೆಗೆ ಇನ್ನೊಮ್ಮೆ ಕಿವಿಯಿಟ್ಟಿದ್ದರೋ ಏನೋ, ಶಾರದಾಬಾಯಿ ಕಣ್ಣೊರೆಸಿಕೊಳ್ಳುತ್ತ ಬಾಗಿಲಿಗೆ ಬಂದರು.

ಬಾಗಿಲಲ್ಲಿ ಬಸವಂತರಾಯ ನಿಂತಿದ್ದ. ಊರಿನ ಸಕಲ ಸಂಘಗಳ ಅಧ್ಯಕ್ಷ. ಎಲ್ಲಿ ನಿಂತರೂ ಅದು ವೇದಿಕೆಯೇ. ಗಂಟಲು ಸರಿಪಡಿಸಿಕೊಂಡು ಕೇಳಿದ:

"ಬಾಯಾರ, ಕೂಸಿಗಿ ಕೇಳಸ್ತದ ಅಂದ್ರಲ್ಲ, ನಮ್ಮ ಮನೆತನದ ಬಗ್ಗೆ ದಿನಾ ನಾಕು ಮಾತು ಹೇಳ್ಲೇನು? ಹುಟ್ಟೂದ್ರಾಗ ತಯಾರಾಗಿರ್ತದ."

ಜಯಮಾಲಾಬಾಯಿ ಲಾಳಿಕೆಯನ್ನು ಚೀಲಕ್ಕೆ ತುರುಕಿದರು.

"ಭಾಷಣ ಹುಟ್ಟಿದ ಮ್ಯಾಲೆ ಕೇಳ್ತದ, ಪಾಪ. ಈಗ ದಾರಿ ಬಿಡ್ರಿ, ಅಮ್ಮಾರು ಹೋಳಿಗಿ ತರಾಕ ಹೊಂಟಾರ."