ಎಜ್ರಾನ ಮೂರನೆಯ ಸಾಲು

ನಮ್ಮ ಮಿಸಿಸಿಪ್ಪಿಯ ಬ್ಲೂಸ್ ಹಾಡುಗಾರ ಎಜ್ರಾ ಕೂತಲ್ಲಿ ಕೂರುವವನಲ್ಲ. ಚರ್ಚಿನಲ್ಲೂ ಅವನ ಹಿಮ್ಮಡಿ ತಕಿಟ ತಕಿಟ ಎಂದು ಮೂರು ಮೂರಾಗಿ ನೆಲ ಕುಟ್ಟುತ್ತಿರುತ್ತದೆ. ಮಾತೂ ಅವನ ಹಾಡಿನಂತೆಯೇ: ಒಂದು ಸಾಲು, ಮತ್ತೆ ಅದೇ ಸಾಲು, ಮೂರನೆಯದರಲ್ಲಿ ಏಟು. "ಕಾಫಿ ಎಲ್ಲೇ? ಕಾಫಿ ಎಲ್ಲೇ ಅಂದೆ? ನೀನೇ ಕುಡ್ಕೊಂಡ್ಯಾ?" ಹೆಂಡತಿ ವರ್ಡೆಲ್, "ಅಷ್ಟು ಸಲ ಬೊಗಳೋ ಬದ್ಲು ಎದ್ದು ಬಗ್ಗಿಸ್ಕೋ, ಮುದಿಯಾ" ಎನ್ನುತ್ತಾಳೆ. ಬಿಳಿಯರ ಪೊಲೀಸ್ ಅಧಿಕಾರಿ ಶೆರೀಫನ ಮೇಲೆ, ಪಾದ್ರಿಯ ಮೇಲೆ, ಕರಿಯರಿಗೂ ಓಟು ಬೇಕೆಂದು ನಾವು ಹೊರಡಿಸುವ ಮೆರವಣಿಗೆಗಳ ಮೇಲೂ ನಿಂತಲ್ಲೇ ಹಾಡು ಕಟ್ಟುತ್ತಾನೆ. ಒಂದು ಹಾಡು ಮಾತ್ರ ಮುಗಿದಿಲ್ಲ. "ಓಟಿಗೆ ಹೆಸ್ರು ಬರ್ಸೋಕ್ ಹೋದ ನನ್ನ ಕಂದ" ಎಂದು ಎರಡು ಸಲ ಹಾಡಿ ನಿಲ್ಲಿಸಿಬಿಡುತ್ತಾನೆ. ಆ ಮಗ ಹೋದವನು ವರ್ಷಗಳಾದರೂ ತಿರುಗಿ ಬಂದಿಲ್ಲ. ಮೊನ್ನೆ ಅವನ ಜಗಲಿಯಲ್ಲಿ ಪಾದ್ರಿ, "ದೇವರ ಪಾದ ಸೇರ್ದ ಅಂತ ಮುಗ್ಸಪ್ಪಾ" ಎಂದರು. ಎಜ್ರಾ ಗಿಟಾರ್ ಕೆಳಗಿಟ್ಟ. "ಹೆಣ ನೋಡಿದ್ರಾ, ಪಾದ್ರಿಗಳೇ?"