ಕವಳೆ ಹಣ್ಣಿನ ನಾಲಿಗೆಗಳು

ಮೊನ್ನೆ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಹೆಂಗಸೊಬ್ಬಳು ಮಂಕರಿಯ ಮೇಲಿನ ಬಟ್ಟೆ ಸರಿಸಿದಳು. ಕವಳೆ ಹಣ್ಣಿನ ಹುಳಿಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಹತ್ತಬೇಕಿದ್ದ ಬಸ್ಸನ್ನು ಬಿಟ್ಟುಬಿಟ್ಟೆ. ಕವಳೆ ತಿಂದವರಿಗೆ ನಾನೇನೂ ವಿವರಿಸಬೇಕಾಗಿಲ್ಲ. ಗಿಡ್ಡನೆಯ ಮುಳ್ಳುಪೊದೆ, ಕಿತ್ತರೆ ಒಸರುವ ಬಿಳಿ ಹಾಲು, ಅಂಟಂಟಾಗುವ ತುಟಿ, ಬಾಯಲ್ಲಿ ಒಡೆಯುವ ಕಪ್ಪು ಹಣ್ಣು. ದಂಡಿಗನಹಳ್ಳಿ ಕಡೆಯ ನಮ್ಮೂರ ಗೋಮಾಳದ ಮರಳುಮಣ್ಣಿನಲ್ಲಿ, ಜಾಲಿ ಮರಗಳ ನಡುವೆ, ಯಾರೂ ನೆಡದೆ, ಯಾರೂ ನೀರು ಹಾಕದೆ ಅವು ಬೆಳೆಯುತ್ತಿದ್ದವು. ಬೇಸಿಗೆ ಬಂತೆಂದರೆ ನಾನು ಮನೆಯಲ್ಲಿ ಇರುತ್ತಲೇ ಇರಲಿಲ್ಲ.

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ನಾನು ದೊಡ್ಡವಳಾದೆ. ಆರತಿ ಎತ್ತಿದ ಮಾರನೆಯ ದಿನವೇ, ಮನೆಯ ಯಜಮಾನನಾಗಿದ್ದ ದೊಡ್ಡಪ್ಪ ಜಗಲಿಯಿಂದಲೇ ಹೇಳಿದ: "ಇನ್ಮೇಲೆ ಗೋಮಾಳದ ಕಡೆ ತಲೆ ಆಕಂಗಿಲ್ಲ ಕಣಮ್ಮಿ." ಅವನ ಮಾತಿಗೆ ಎದುರು ಮಾತು ಆ ಮನೆಯಲ್ಲಿ ಹುಟ್ಟಿರಲೇ ಇಲ್ಲ. ಅವ್ವ ತಲೆ ತಗ್ಗಿಸಿದಳು. ಹಣ್ಣು ಕಪ್ಪಾಗುತ್ತಿದ್ದ ಹೊತ್ತಿನಲ್ಲಿ ಒಳಗೆ ಕೂತು ನಾನು ಅತ್ತ ಅಳು ನನಗೇ ಗೊತ್ತು. ಎಷ್ಟೋ ದಿನ ಸುಮ್ಮನೆ ನೋಡುತ್ತಿದ್ದ ದೊಡ್ಡವ್ವ, ಅವನ ಹೆಂಡತಿ, ಒಂದು ಮಧ್ಯಾಹ್ನ ಒಲೆಗೆ ಪುಳ್ಳೆ ಆರಿಸುವ ನೆವ ಮಾಡಿ ಕೈ ಹಿಡಿದು ಎಬ್ಬಿಸಿದಳು. "ಕವಳೆ ತಿಂದ್ರೆ ಏನ್ ಆಕಾಸ ಬಿದ್ದೋಯ್ತದಾ? ಬಾರಮ್ಮಿ."

ಮಡಿಲ ತುಂಬ ತಂದದ್ದನ್ನು ಅಡುಗೆಮನೆಯಲ್ಲಿ ಅಜ್ಜಿ, ಅವ್ವ ಎಲ್ಲರೂ ಉಪ್ಪು ಹಚ್ಚಿಕೊಂಡು ತಿಂದರು. ನಾಲಿಗೆಗೆ ಹತ್ತುವ ಬಣ್ಣ ಯಾರಿಗೂ ನೆನಪಾಗಲಿಲ್ಲ.

ಸಂಜೆ ಊಟಕ್ಕೆ ಕೂತ ದೊಡ್ಡಪ್ಪ ನನ್ನ ತುಟಿಯನ್ನೇ ನೋಡಿದ. "ಎಲ್ಲಿ, ನಾಲಿಗೆ ತೆಗಿ ನೋಡನ."

ದೊಡ್ಡವ್ವ ಸೌಟು ಕೆಳಗಿಟ್ಟು ನನ್ನ ಮುಂದೆ ಬಂದು ನಿಂತಳು. "ಮೊದ್ಲು ನಂದು ನೋಡಿ," ಎಂದು ನಾಲಿಗೆ ಚಾಚಿದಳು. ಕಡು ನೇರಳೆ. ಆಮೇಲೆ ಅವ್ವ, ಸೆರಗು ಬಿಗಿ ಹಿಡಿದುಕೊಂಡೇ. ಕೊನೆಗೆ ಮೂಲೆಯಲ್ಲಿದ್ದ ಅಜ್ಜಿ, ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು, ಹೆತ್ತ ಮಗನಿಗೇ. "ನಾನೇ ಕರ್ಕೊಂಡೋಗಿದ್ದು. ನಾಳೀಕೂ ಓಯ್ತೀವಿ," ಎಂದಳು ದೊಡ್ಡವ್ವ. ದೊಡ್ಡಪ್ಪ ಮುದ್ದೆ ಮುರಿದು ಸಾರಿಗೆ ಅದ್ದಿದ. ಆವತ್ತಿಗೂ ಆಮೇಲಿಗೂ ಆ ಮಾತು ಎತ್ತಲಿಲ್ಲ. ಮಾರನೆಯ ದಿನ ನಾವು ಅವನ ಕಣ್ಣೆದುರೇ ಹೊರಟೆವು.

ಗೋಮಾಳದ ಮೇಲೆ ಜೆಸಿಬಿ ಓಡಿ ಸೈಟುಗಳಾದವು. ಮನೆ ಪಾಲಾಯಿತು, ಪಾಲಾದದ್ದು ಬಿತ್ತು. ಆ ತುಂಬಿದ ಮನೆ ಎಷ್ಟು ಚೆನ್ನಾಗಿತ್ತು ಎಂದು ನೆಂಟರು ಈಗಲೂ ಕಣ್ಣೊರೆಸಿಕೊಳ್ಳುತ್ತಾರೆ. ನಾನು ಒರೆಸಿಕೊಳ್ಳುವುದಿಲ್ಲ. ಆ ಜಗಲಿ, ಆ ಅಪ್ಪಣೆ ಯಾವುದೂ ನನಗೆ ವಾಪಸ್ಸು ಬೇಡ. ಮುಳ್ಳು ತರಚಿದ ಕೈಯಲ್ಲಿ ಮುಂದೆ ಮುಂದೆ ಹೋಗುತ್ತಿದ್ದ ದೊಡ್ಡವ್ವ ಬೇಕು, ಅವಳೊಬ್ಬಳೇ ಬೇಕು.