ಬಾಜಾ ಮಾಸ್ತರರ ಸಲಾಮಿ

ನಮ್ಮ ಬಾಜಾ ಮಾಸ್ತರರಿಗೆ ಮೇಲಿನ ಸಾಲಿನ ಮುಂದಿನ ಹಲ್ಲುಗಳಿರಲಿಲ್ಲ. ಸಿಟ್ಟು ಬಂದಾಗ ಆ ಸಂದಿಯಿಂದ ನಾಲಿಗೆಯ ತುದಿ ಹೊರಗೆ ಇಣುಕುತ್ತಿತ್ತು. ಅದು ಕಂಡಿತೆಂದರೆ ನಾವೆಲ್ಲ ಕೈಬೆರಳು ಮಡಚಿಕೊಳ್ಳುತ್ತಿದ್ದೆವು, ಏಕೆಂದರೆ ಮರುಗಳಿಗೆಗೆ ಅವರ ಛಡಿ ಬೀಳುತ್ತಿದ್ದುದು ಬೆರಳಗೆಣ್ಣಿನ ಮೇಲೆಯೇ. ತಾಳ ತಪ್ಪಿದರೆ ಏಟು, ತಡವಾಗಿ ಬಂದರೆ ಏಟು, ಚೆನ್ನಾಗಿ ಬಾರಿಸಿದರೆ ಬೆನ್ನಿಗೊಂದು ಗುದ್ದು. ಮುದ್ದು ಮಾಡುವುದು ಅವರಿಗೆ ಗೊತ್ತಿರಲಿಲ್ಲ. ನನ್ನ ಎಡಗೈ ತೋರುಬೆರಳು ಇವತ್ತಿಗೂ ಸೊಟ್ಟಗಿದೆ, ಅದು ಅವರದೇ ಕೃಪೆ.

ಕಲಬುರಗಿಯ ಶಹಾಬಜಾರದಲ್ಲಿ ಅವರ ಮನೆ. ಹರೆಯದಲ್ಲಿ ನಿಜಾಮ್ ಸರ್ಕಾರದ ಪಲ್ಟನ್ನಿನ ಬ್ಯಾಂಡಿನಲ್ಲಿ ಕಾರ್ನೆಟ್ ಅನ್ನುವ ಹಿತ್ತಾಳೆ ತುತ್ತೂರಿ ಊದಿ, ಮೇಲಿನ ಸಾಹೇಬನೊಬ್ಬನಿಗೆ ಕಪಾಳಕ್ಕೆ ಹೊಡೆದು, ನೌಕರಿ ಬಿಟ್ಟು ಬಂದವರು. ಬಂದವರೇ ಮದುವೆ ಬಾಜಾ ಕಟ್ಟಿದರು. ಗಂಜ್ ಪೇಟೆಯಲ್ಲಿ ಕಾಳಿನ ಚೀಲ ಹೊರುವ ಹಮಾಲರು, ಟಾಂಗಾ ಹೊಡೆಯುವವರು, ಒಬ್ಬ ದರ್ಜಿ, ಹಲಗೆ ಬಾರಿಸುವ ಮನೆತನದ ನಾನು, ಇವರೇ ಅವರ ಪಲ್ಟನ್ನು. ನಮ್ಮಲ್ಲಿ ಒಬ್ಬರಿಗೂ ಸ್ವರ ಓದಲು ಬರುತ್ತಿರಲಿಲ್ಲ. ಮಾಸ್ತರರು ಒಬ್ಬೊಬ್ಬರ ಪಾಲನ್ನೂ ಬಾಯಿಯಿಂದ ಹಾಡಿ, ಅದು ನಮ್ಮ ತಲೆಗೆ ಹೋಗುವವರೆಗೆ ಹೊಡೆದು ಕಲಿಸಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುವ ಹಾಗೆ ನಮ್ಮ ಕೆಂಪು ಕೋಟಿಗೆ ಹಿತ್ತಾಳೆ ಗುಂಡಿ ಮಾತ್ರ ಫಳಫಳ ಹೊಳೆಯಬೇಕಿತ್ತು.

ಬಾಜಾ ನಡೆಸುವುದೆಂದರೆ ಛಡಿ ಆಡಿಸುವುದಷ್ಟೇ ಎಂದು ಜನ ತಿಳಿದಿದ್ದರು. ಗಾಳಿ ಸೋರುವ ಕೊಂಬಿಗೆ ಅರಗು ಹಚ್ಚುವುದು, ಕುಡಿದು ಬಿದ್ದವನನ್ನು ಎಬ್ಬಿಸಿ ತರುವುದು, ಆಷಾಢದಲ್ಲಿ ಕೂಲಿಗೆ ಓಡಿಹೋದವರನ್ನು ಹೆಂಡತಿ ಮಕ್ಕಳ ಎದುರೇ ಬೈದು ಮರಳಿ ಕರೆತರುವುದು, ಎಲ್ಲವೂ ಅವರ ಪಾಲಿಗೇ. ಮೆರವಣಿಗೆಯಲ್ಲಿ ಅವರು ನಮ್ಮ ಕಡೆ ಮುಖ ಮಾಡಿ ಹಿಂದು ಹಿಂದಕ್ಕೆ ನಡೆಯುತ್ತಿದ್ದರು. ಹಾದಿಯಲ್ಲಿ ತಗ್ಗೋ ಎಮ್ಮೆಯೋ ಇದ್ದರೆ ನಾನು ಡ್ರಮ್ಮಿನ ಅಂಚಿಗೆ ಟಕ್ಕೆಂದು ಹೊಡೆದು ತಿಳಿಸಬೇಕು. ಕೊನೆಗೆ ಛಡಿಯನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು ಹಣೆಗೆ ಮುಟ್ಟಿಸಿದರೆಂದರೆ ನಾವು ನಿಜಾಮರ ಸಲಾಮಿ, ಅಂದರೆ ದೊರೆಗೆ ವಂದಿಸುವ ಸರ್ಕಾರಿ ಧಾಟಿ, ಬಾರಿಸಬೇಕು. ಮದುವೆಯಿರಲಿ, ಉರುಸಿರಲಿ, ಸಲಾಮಿ ಬಾರಿಸದೆ ನಮ್ಮ ಬಾಜಾ ಮನೆಗೆ ಹೋದದ್ದಿಲ್ಲ. ಸರ್ಕಾರದ ಕಣ್ಣು ಕೆಂಪಾಗಬಾರದೆಂದು ಹಾಕಿಕೊಂಡ ಆ ರೂಢಿ ನಮ್ಮ ಉಸಿರಿಗೇ ಅಂಟಿಕೊಂಡುಬಿಟ್ಟಿತ್ತು.

ಹಲ್ಲು ಹೋದ ಸಂಗತಿ ಹೇಳುತ್ತೇನೆ. ನಿಜಾಮ್ ರಾಜ್ಯವನ್ನು ಹಿಂದುಸ್ತಾನಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಗೆ ಮುಂಚಿನ ಕೆಟ್ಟ ದಿನಗಳು. ನಿಜಾಮರ ಹೆಸರಿನಲ್ಲಿ ಖಾಕಿ ತೊಟ್ಟು, ಬರ್ಚಿ ಬಂದೂಕು ಹಿಡಿದ ಪುಂಡರ ದಂಡು ಊರೂರು ಸುಲಿಯುತ್ತಿತ್ತು. ಅವರ ಹೆಸರು ಬಾಯಿಂದ ತೆಗೆಯಲು ನನಗೆ ಈಗಲೂ ಮನಸ್ಸಿಲ್ಲ. ಮದುವೆಯೊಂದನ್ನು ಮುಗಿಸಿ ನಾವು ಗಂಜಿನ ಹಾದಿಯಲ್ಲಿ ಬರುತ್ತಿದ್ದಾಗ ಬೇಳೆ ವ್ಯಾಪಾರಿಯೊಬ್ಬನ ಮನೆಗೆ ಅವರು ನುಗ್ಗಿದ್ದರು. ಒಳಗಿನಿಂದ ಹೆಂಗಸರ ಕೂಗು. ಬಾಗಿಲಲ್ಲಿ ನಿಂತಿದ್ದ ಅವರ ಮುಖಂಡ ನಮ್ಮನ್ನು ತಡೆದು, "ಬಾರಿಸ್ರಿ. ಜೋರ್ ಬಾರಿಸ್ರಿ. ಒಳಗಿನ ಆವಾಜ್ ಓಣಿಗಿ ಕೇಳಬಾರದು" ಅಂದ.

ಮಾಸ್ತರರು ಕಾರ್ನೆಟ್ಟನ್ನು ಅಂಗಿಯ ತುದಿಯಿಂದ ಒರೆಸಿ ಕಂಕುಳಲ್ಲಿ ಇಟ್ಟುಕೊಂಡರು.

"ಮದುವಿ ಇಲ್ಲದ ಮನೀ ಮುಂದ ನಾವು ಬಾರಿಸಂಗಿಲ್ಲ, ಸಾಬ್."

"ನೀ ಮುಸಲ್ಮಾನ ಅಲ್ಲೇನು?"

"ಹೌದು, ಮುಸಲ್ಮಾನ ಅದೀನಿ. ಅದಕ್ಕೇ ಹೇಳ್ಲಾಕತ್ತೀನಿ, ಬಾರಿಸಂಗಿಲ್ಲ."

ಬಂದೂಕಿನ ಹಿಡಿ ಅವರ ಬಾಯಿಗೆ ಬಿತ್ತು. ಒಂದಲ್ಲ, ಅವರು ನೆಲಕ್ಕೆ ಬೀಳುವವರೆಗೂ ಬಿತ್ತು. ಆಮೇಲೆ ಬೂಟುಗಾಲಿನಿಂದ ಕಾರ್ನೆಟ್ಟಿನ ಬಾಯಿಯನ್ನೂ ತುಳಿದು ಚಪ್ಪಟೆ ಮಾಡಿದರು. ಒಳಗೆ ಆ ವ್ಯಾಪಾರಿಯನ್ನು ಕಡಿದು ಹಾಕಿದ್ದರು. ರಕ್ತ ಹೊಸ್ತಿಲು ದಾಟಿ ಮೆಟ್ಟಿಲಿಗೆ ಇಳಿದು ಬಂತು. ನಾವು ಮಾಸ್ತರರನ್ನು ಎತ್ತಿಕೊಂಡು ಓಡಿದೆವು.

ಹಲ್ಲಿಲ್ಲದೆ ಕಾರ್ನೆಟ್ ಊದಲಾಗುವುದಿಲ್ಲ. ಅವರು ಬದುಕಿನಲ್ಲಿ ಪ್ರೀತಿಸಿದ್ದು ಅದೊಂದನ್ನೇ. ಕಾರ್ನೆಟ್ಟಿನ ತಗ್ಗು ಬಡಿಸಿ ಸರಿಮಾಡಿ ದರ್ಜಿಗೆ ಕೊಟ್ಟರು, ತಾವು ಛಡಿಯೊಂದನ್ನೇ ಹಿಡಿದರು. ಪಾಪ ದರ್ಜಿ, ಅವನು ಊದಿದ ಪ್ರತಿಯೊಂದು ಸ್ವರಕ್ಕೂ ಏಟು ತಿಂದ. ಒಂದು ದಿನ ಅವನು ಅಳುತ್ತ, "ಮಾಸ್ತರ, ನಾ ನಿಮ್ಮಂಗ ಊದಲಾರೆ, ನನ್ನ ಕೊಂದರೂ ಊದಲಾರೆ" ಅಂದ. ಮಾಸ್ತರರು ಛಡಿ ಬಿಸಾಕಿ ಗೋಡೆಗೆ ಮುಖ ಮಾಡಿ ಕುಳಿತರು. ಅವತ್ತು ತಾಲೀಮು ನಡೆಯಲಿಲ್ಲ. ಆ ದಿನಗಳಲ್ಲಿ ಅವರಿಗೆ ಗಟ್ಟಿ ರೊಟ್ಟಿ ತಿನ್ನಲೂ ಆಗುತ್ತಿರಲಿಲ್ಲ. ಕಮಲಾಪುರದ ಕೆಂಪು ಬಾಳೆಹಣ್ಣು ಕಿವುಚಿ ಹಾಲಿಗೆ ಹಾಕಿ ಕುಡಿಯುತ್ತಿದ್ದರು.

ಆ ಕಮಲಾಪುರದಿಂದಲೇ ಕರೆ ಬಂತು. ಮಿಲಿಟರಿ ಬಂದು, ಖಾಕಿ ಪುಂಡರೆಲ್ಲ ಅಂಗಿ ಬಿಚ್ಚಿ ಓಡಿಹೋಗಿ ಕೆಲವು ದಿನಗಳಾಗಿದ್ದವು. ಈಗ ಸೇಡಿನ ಸರದಿ. ಪುಂಡರು ಸಿಗಲಿಲ್ಲವೆಂದು ಜನ ಸಿಕ್ಕಿದ ಬಡ ಮುಸಲ್ಮಾನರನ್ನು ಕಡಿಯುತ್ತಿದ್ದರು. ಹಳ್ಳಿಗಳ ಬಾವಿಗಳಲ್ಲಿ ಹೆಣ ತೇಲಿದ ಸುದ್ದಿ ದಿನವೂ ಬರುತ್ತಿತ್ತು. ಇಂಥದರಲ್ಲಿ ಕಮಲಾಪುರದ ಸಾವ್ಕಾರರು ಹೊಸ ಬಾವುಟದ ಮೆರವಣಿಗೆಗೆ ಬಾಜಾ ಬೇಕೆಂದು ಆಳು ಕಳಿಸಿದರು.

"ಮಾಸ್ತರ, ನೀವೂ ದೊಡ್ಡ ಕೊಂಬಿನವನೂ ಬರಬ್ಯಾಡ್ರಿ. ನಾವಷ್ಟೇ ಹೋಗಿ ಬರ್ತೀವಿ" ಎಂದೆ ನಾನು. ದೊಡ್ಡ ಕೊಂಬು ಊದುವವನು ಮುಸಲ್ಮಾನರ ಹುಡುಗ, ಹೊಸದಾಗಿ ಮದುವೆಯಾಗಿದ್ದ.

"ನನ್ನ ಹಲ್ಲು ಮುರಿದವರು ಓಡಿ ಹೋಗ್ಯಾರ" ಅಂದರು ಮಾಸ್ತರರು. "ಈ ಖುಷಿ ನಂದೂ ಅದನೋ. ನಾ ಬರದೆ ಯಾರು ಬರಬೇಕು? ಕೊಂಬಿಲ್ಲದೆ ಬಾಜಾ ಎದ್ದು ನಿಂದರತದೇನು?"

ಅಷ್ಟು ಹುರುಪಿನಲ್ಲಿ ನಾನು ಅವರನ್ನು ಎಂದೂ ಕಂಡಿರಲಿಲ್ಲ. ಗುಂಡಿಗಳನ್ನು ತಾವೇ ಹುಣಸೆಹಣ್ಣು ಹಚ್ಚಿ ತಿಕ್ಕಿದರು. ಕಮಲಾಪುರದಲ್ಲಿ ಸಾವ್ಕಾರರು ಅವರನ್ನು ಕಟ್ಟೆಯ ಮೇಲೆ ಕೂರಿಸಿ, ಕೈಯಾರೆ ಬಾಳೆಹಣ್ಣು ಸುಲಿದು ಕೊಟ್ಟು, "ಗಂಜಿನ್ಯಾಗ ನೀವು ಬಾರಿಸಲಿಲ್ಲಂತ ಕೇಳೀನ್ರಿ" ಅಂದರು. ಮಾಸ್ತರರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮೆರವಣಿಗೆ ಹೊರಟಿತು. ಜನ ಕುಣಿದರು, ಗುಲಾಲು ಎರಚಿದರು, ನಮ್ಮ ದರ್ಜಿ ಕೂಡ ಆ ದಿನ ಒಂದು ಸ್ವರವನ್ನೂ ತಪ್ಪಲಿಲ್ಲ. ಚಾವಡಿಯ ಮುಂದೆ ಬಾವುಟ ಏರಿತು. ಎಲ್ಲ ಮುಗಿಯಿತು, ಗೆದ್ದೆವು ಅನ್ನುವಷ್ಟರಲ್ಲಿ ಮಾಸ್ತರರು ಛಡಿಯನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು ಹಣೆಗೆ ಮುಟ್ಟಿಸಿದರು.

ನಾವು ಸಲಾಮಿ ಬಾರಿಸಿದೆವು. ಯೋಚಿಸಲಿಲ್ಲ. ಛಡಿ ಹೇಳಿತು, ತುಟಿ ಊದಿತು, ಕೈ ಹೊಡೆಯಿತು. ಬಿದ್ದುಹೋದ ನಿಜಾಮ್ ಸರ್ಕಾರದ ಸಲಾಮಿಯನ್ನು ಹೊಸ ಬಾವುಟದ ಕೆಳಗೆ ನಿಂತು ಎರಡು ಸಾಲು ಬಾರಿಸಿದ ಮೇಲೆ ಮಾಸ್ತರರ ಮುಖ ಸುಣ್ಣದಂತಾಯಿತು. ಛಡಿ ಕೆಳಗಿಳಿಯಿತು. ನಾವೂ ನಿಲ್ಲಿಸಿದೆವು.

ಮೊದಲ ಕಲ್ಲು ದೊಡ್ಡ ಕೊಂಬಿಗೆ ಬಡಿಯಿತು. "ಆ ತುರುಕ ಶುರು ಮಾಡ್ಯಾನ, ಹಿಡೀರಿ ಅವನ್ನ" ಎಂದು ಯಾರೋ ಕೂಗಿದರು. ಕೊಡಲಿ, ಬಡಿಗೆ ಹಿಡಿದವರು ಆ ಹುಡುಗನ ಕಡೆ ನುಗ್ಗಿದರು. ಮಾಸ್ತರರು ನಮಗೆ ಬೆನ್ನು ಮಾಡಿ, ಜನರ ಕಡೆ ತಿರುಗಿ, ಎರಡೂ ಕೈ ಅಗಲಿಸಿ ನಿಂತರು.

"ಛಡಿ ನಂದು. ಅವರು ಛಡಿ ಹೇಳಿದ್ದು ಊದ್ಯಾರ. ತಪ್ಪು ನಂದದ, ನನ್ನ ಹೊಡೀರಿ."

ಅವರು ಹೊಡೆದರು. ಮೊದಲು ಛಡಿ ಹಿಡಿದ ಕೈಗೆ, ಆಮೇಲೆ ತಲೆಗೆ. ನಾನು ಡ್ರಮ್ ಎತ್ತಿ ಒಬ್ಬನ ಮುಖಕ್ಕೆ ಅಪ್ಪಳಿಸಿದೆ. ಅವನ ಮೂಗು ಒಡೆದ ಸದ್ದು ನನಗೆ ಹಿತವಾಯಿತು, ಸುಳ್ಳೇಕೆ ಹೇಳಲಿ. ಇನ್ನೊಬ್ಬ ನನ್ನ ರಟ್ಟೆ ಹಿಡಿದು ಎಳೆದು, "ನೀ ನಮ್ಮವ ಇದ್ದಿ, ಬಾಜೂಕ ಸರಿ" ಅಂದ. ಅಲ್ಲಿಯವರೆಗೆ ಹಲಗೆಯವನೆಂದು ಚಾವಡಿಯ ಮೆಟ್ಟಿಲು ಹತ್ತಗೊಡದವರಿಗೆ ಆ ಗಳಿಗೆಯಲ್ಲಿ ನಾನು ತಮ್ಮವನಾದೆ. ಸಾವ್ಕಾರರು ಅಡ್ಡ ಬಂದು ಕಾಲಿಗೆ ಬೀಳುವ ಹೊತ್ತಿಗೆ ಹೊಡೆಯಲು ಏನೂ ಉಳಿದಿರಲಿಲ್ಲ.

ಸಾವ್ಕಾರರ ಚಕ್ಕಡಿಯಲ್ಲಿ ಹುಲ್ಲು ಹಾಸಿ ಕಲಬುರಗಿಯ ಹಾದಿ ಹಿಡಿದೆವು. ಮಾಸ್ತರರ ಒಂದು ಕಣ್ಣು ಮುಚ್ಚಿಹೋಗಿತ್ತು. ನನ್ನ ತೊಡೆಯ ಮೇಲೆ ತಲೆ.

"ಕೊಂಬು?" ಅಂದರು.

"ಅದಾನ್ರಿ, ಇಲ್ಲೇ ಅದಾನ."

"ಕಾರ್ನೆಟ್?"

"ಅದಾನ್ರಿ ಮಾಸ್ತರ. ನಾವೆಲ್ಲಾರೂ ಅದೀವಿ."

ಊರು ಮುಟ್ಟುವ ಮೊದಲೇ ಮಾಸ್ತರರು ಹೋದರು. ಓಣಿಯ ಮುಸಲ್ಮಾನರೆಲ್ಲ ಬಾಗಿಲು ಹಾಕಿಕೊಂಡು ಕುಳಿತಿದ್ದ ದಿನಗಳವು, ಜನಾಜಾ ಹೊರಲು ನಾಲ್ಕು ಹೆಗಲು ಸಿಗಲಿಲ್ಲ. ಹಮಾಲರು, ದರ್ಜಿ, ನಾನು, ಕೊಂಬಿನವನು, ಕೆಂಪು ಕೋಟಿನಲ್ಲೇ ಹೊತ್ತುಕೊಂಡು ಹೋದೆವು.

ಹಲ್ಲು ಮುರಿದವರು ಅವರವರೆನಿಸಿಕೊಂಡವರು, ಜೀವ ತೆಗೆದವರು ನನ್ನವರೆನಿಸಿಕೊಂಡವರು. ಇಬ್ಬರನ್ನೂ ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ದೊಡ್ಡವರು ಮರೆಯಬೇಕು ಅನ್ನುತ್ತಾರೆ. ಅವರು ಮರೆಯಲಿ.

ಮುಂದಿನ ಮದುವೆ ಕಾಲದಲ್ಲಿ ಶಹಾಬಜಾರದಲ್ಲೇ ಒಂದು ಮದುವೆಗೆ ಕರೆದರು. ಮುಂದೆ ನಿಲ್ಲಲು ಯಾರೂ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಮುಂದೆ ಜಾಗ ಬಿಟ್ಟೇ ನಡೆದೆವು. ಅಭ್ಯಾಸಬಲದಿಂದ ಬಾಜಾ ನಡೆದೂ ನಡೆಯಿತು. ಆದರೆ ಮದುವೆ ಮನೆಯ ಬಾಗಿಲಿಗೆ ಬಂದಾಗ, ಹಣೆಗೆ ಮುಟ್ಟುವ ಛಡಿಯಿಲ್ಲದೆ, ಎಲ್ಲಿ ನಿಲ್ಲಿಸಬೇಕೆಂದು ನಮಗೆ ತಿಳಿಯಲಿಲ್ಲ. ಕಾರ್ನೆಟ್ ನಿಂತಿತು, ಡ್ರಮ್ ನಿಲ್ಲಲಿಲ್ಲ. ಡ್ರಮ್ ನಿಂತ ಮೇಲೂ ದೊಡ್ಡ ಕೊಂಬಿನವನು ಕಣ್ಣು ಮುಚ್ಚಿಕೊಂಡು ಒಬ್ಬನೇ ಊದುತ್ತಿದ್ದ. ನಾನು ಹೋಗಿ ಅವನ ಹೆಗಲು ಹಿಡಿದೆ. ಅವನು ಕೊಂಬು ಇಳಿಸಿ, ಬೀದಿಯ ಮಣ್ಣಿನಲ್ಲಿ ಕುಳಿತು ಅತ್ತ. ನಾವೂ ಒಬ್ಬೊಬ್ಬರಾಗಿ ಅವನ ಪಕ್ಕ ಕುಳಿತೆವು. ಮದುಮಗನ ತಂದೆ ಬಂದು ಇನ್ನೊಂದು ಬಾರಿಸಿರಿ ಎಂದು ಕೈ ಮುಗಿದು ಕೇಳಿದರು. ನಮ್ಮಲ್ಲಿ ಒಬ್ಬರೂ ಏಳಲಿಲ್ಲ.